ಕೂಗಬೇಡ, ಬಾಬಾ

“ಕೂಗಬಾರದು ಬಾಬಾ. ‘ಅಲ್ಲಾಹ್’ ಅನ್ನೋ ಹಾಗಿಲ್ಲ, ‘ಆಹಾ’ ಅನ್ನೋ ಹಾಗಿಲ್ಲ. ‘ಇನ್ನೊಂದ್ಸಲ ಮಗಳೇ’ ಅನ್ನೋದಂತೂ ಬೇಡವೇ ಬೇಡ.” ನಗ್ಲಾ ಅಪ್ಪನ ಕೋಟಿನ ಗುಂಡಿಯನ್ನು ಜಗ್ಗಿ ಹಾಕಿದಳು. “ಸದ್ದಾದರೆ ರೆಕಾರ್ಡಿಂಗ್ ಹಾಳಂತೆ.”

“ಮತ್ತೆ ನಾನು ಕೇಳ್ತಿದೀನಿ ಅಂತ ನಿಂಗೆ ಗೊತ್ತಾಗೋದು ಹೇಗೆ?”

“ಗೊತ್ತಾಗೋದು ಬೇಡ. ಸುಮ್ನೆ ಕೂತ್ಕೋ.”

ಅವಳ ಸಿಟ್ಟೆಲ್ಲ ನಿಜಕ್ಕೂ ಇದ್ದದ್ದು ಸಭಾಂಗಣದ ಮ್ಯಾನೇಜರ್ ಹಾಜಿಂ ಮೇಲೆ. ನಿನ್ನೆ ತಾಲೀಮಿನಲ್ಲಿ ಅಪ್ಪ ಒಮ್ಮೆ ಕೂಗಿದ್ದಕ್ಕೆ, “ಇದು ಮದುವೆ ಚಪ್ಪರ ಅಲ್ಲ, ಮೇಡಂ” ಎಂದಿದ್ದ. ತಿರುಗಿ ಹೇಳಬೇಕಿತ್ತು. ಹೇಳಲಿಲ್ಲ. ಇಷ್ಟು ವರ್ಷ ಬೇರೆಯವರ ಹಿಂದೆ ನಿಂತು ಕೋರಸ್ ಹಾಡಿದವಳಿಗೆ, ತನ್ನ ಹೆಸರಿನಲ್ಲಿ ಬರುವ ಮೊದಲ ರೆಕಾರ್ಡ್ ಇದು. ಅಲ್ಲಿ ನುಂಗಿಕೊಂಡದ್ದು ಇಲ್ಲಿ ಅಪ್ಪನ ಮೇಲೆ ಹೊರಬಿತ್ತು.

ಅವಳ ಅಪ್ಪ ಬಯೂಮಿ, ಸೈಯಿದಾ ಜೈನಬ್ ಬೀದಿಯ ಕ್ಷೌರಿಕ. ರೇಡಿಯೋದಲ್ಲಿ ಒಂದು ಒಳ್ಳೆಯ ಸಾಲು ಬಂದರೆ ಗಿರಾಕಿಯ ಗಂಟಲ ಮೇಲೆ ಕತ್ತಿ ಎತ್ತಿ ಹಿಡಿದು “ಅಲ್ಲಾಹ್” ಎಂದು ಕೂಗುವವನು. ಗಿರಾಕಿಗಳು ಬೈದುಕೊಂಡೇ ಮತ್ತೆ ಬರುತ್ತಿದ್ದರು. ಸ್ವತಃ ಒಂದು ಸಾಲೂ ಹಾಡಲು ಬಾರದ ಅವನೇ ಅವಳಿಗೆ ಹಾಡು ಕಲಿಸಿದ್ದು. ಅವನು ಕೂಗಿದರೆ ಅದೇ ಸಾಲನ್ನು ಹೊಸ ತಿರುವಿನಲ್ಲಿ ಮತ್ತೆ ಹಾಡಬೇಕು. ಸುಮ್ಮನಿದ್ದರೆ ಮುಂದೆ ಹೋಗಬೇಕು.

ಸಂಜೆ ವೇದಿಕೆಯ ಮೇಲೆ ಮೊದಲ ಸಾಲು ಮುಗಿಸಿ ಅವಳ ದನಿ ಕೆಳಗಿಳಿದು ನಿಂತಿತು. ಕಾನೂನ್ ವಾದ್ಯ ನುಡಿಸುವ ಮಿದ್‌ಹತ್ ತಂತಿಗಳಿಂದ ಕೈ ಎತ್ತಿದ. ಆ ಬಿಡುವು ಇರುವುದೇ ಕೇಳುಗರಿಗೆ. ಯಾರೂ ಉಸಿರೆತ್ತಲಿಲ್ಲ. ಡಾಕ್ಟರ ಬಾಗಿಲಲ್ಲಿ ಸರದಿಗೆ ಕೂತವರಂತೆ ಕೂತಿದ್ದರು. ಅದೇ ಸಾಲನ್ನು ಇನ್ನೊಂದು ದಾರಿಯಲ್ಲಿ ಹತ್ತಿಸಿ ಇಳಿಸಿದಳು. ಗೋಡೆಗೆ ಹಾಡಿದಂತಾಯಿತು. ಮೂರನೆಯ ಸಾಲಿನ ಕುರ್ಚಿಯಲ್ಲಿ ಅಪ್ಪ ಮುಖದ ಮೇಲೆ ಕೈಯಿಟ್ಟು ತಲೆ ತಗ್ಗಿಸಿದ್ದ.

ಜನ್ಮದಲ್ಲಿ ಯಾರ ಮಾತೂ ಕೇಳದ ಮನುಷ್ಯ ಇವತ್ತೇ ಕೇಳಬೇಕಿತ್ತೇ? ಅರ್ಧ ತಾಸು ಹಿಗ್ಗಿಸಿದರೂ ಸಾಲದ ಹಾಡು ನೋಡನೋಡುತ್ತಿದ್ದಂತೆ ಮುಗಿದುಹೋಯಿತು.

ಪರದೆಯ ಹಿಂದೆ ಹಾಜಿಂ ಕೈ ಉಜ್ಜಿಕೊಳ್ಳುತ್ತಿದ್ದ. “ಒಂದು ಕೆಮ್ಮೂ ಇಲ್ಲ ಮೇಡಂ. ಎಷ್ಟು ಶುದ್ಧವಾಗಿ ಬಂದಿದೆ.”

“ಸತ್ತವರ ಮನೇಲೂ ಇದಕ್ಕಿಂತ ಜಾಸ್ತಿ ಸದ್ದಿರುತ್ತೆ, ಉಸ್ತಾದ್ ಹಾಜಿಂ. ಅದನ್ನ ನನ್ನ ಹೆಸರಲ್ಲಿ ಹೊರಗೆ ಬಿಡಬೇಡಿ.”

“ತಮಾಷೆ ಮಾಡ್ತಿದೀರಾ? ಇಂಥ ಅವಕಾಶ ಮತ್ತೆ ಬರಲ್ಲ.”

“ಬರದೇ ಇರಲಿ.”

ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಎದುರಿಗೆ ಹೋಗಿ ನಿಂತಳು.

“ಒಂದ್ಸಲ, ಒಂದೇ ಒಂದ್ಸಲ ಬಾಯಿ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಅಷ್ಟು ಕೆಟ್ಟದಾಗಿ ಹಾಡಿದ್ನಾ? ಬೀದಿಗೆಲ್ಲ ಕೇಳೋ ಹಾಗೆ ಕೂಗೋನು, ಮಗಳು ಹಾಡುವಾಗ ಕಲ್ಲಾಗಿಬಿಟ್ಟೆಯಲ್ಲ.”

ಬಯೂಮಿ ದವಡೆಯನ್ನು ಅತ್ತಿತ್ತ ಆಡಿಸಿ ನೋಡಿಕೊಂಡ. ಆಮೇಲೆ ಕಣ್ಣೊರೆಸಿಕೊಳ್ಳಲು ಮುಷ್ಟಿ ಬಿಚ್ಚಿದ. ಬೆಳಿಗ್ಗೆ ಅವಳೇ ಇಸ್ತ್ರಿ ಮಾಡಿಕೊಟ್ಟ ಕರವಸ್ತ್ರ ಮುದ್ದೆಯಾಗಿ ಒದ್ದೆಯಾಗಿತ್ತು. ನಡುವೆ ಹಲ್ಲಿನ ಸಾಲು ಮೂಡಿದ ಕಡೆ ಬಟ್ಟೆ ಹರಿದಿತ್ತು. ಹರಿದದ್ದು ಒಳಗಾಗುವಂತೆ ಅವನು ಅದನ್ನು ನಿಧಾನವಾಗಿ ಮಡಚಿ ಜೇಬಿಗಿಟ್ಟುಕೊಂಡ.