ಐದು ಸಲ ಶಿಫ್ಟ್

ಪರದೇಶದ ಸ್ಯಾಲಿಸ್‌ಬರಿಯ ಕ್ಲಿನಿಕ್ಕಿನಲ್ಲಿದ್ದ ಕನ್ನಡತಿ ಡಾಕ್ಟರ್ ಫ್ಲಾವಿಯಾ ಜಾರಿ ಬಿದ್ದು ಎಡಗೈ ಮುರಿದುಕೊಂಡಿದ್ದಳು. ಒಂದೇ ಕೈಯಲ್ಲಿ ರೋಗಿಗಳನ್ನು ಹೇಗೋ ನೋಡುತ್ತಿದ್ದಳು. ಅವಳು ಸೋತದ್ದು ಕಂಪ್ಯೂಟರಿನ ಮುಂದೆ. ಎದ್ದು ಹೋಗಿ ಬರುವಷ್ಟರಲ್ಲಿ ಅದು ಲಾಕ್ ಆಗಿರುತ್ತಿತ್ತು. ತೆರೆಯಬೇಕಾದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಒಂದು ಕೈಯ ಬೆರಳುಗಳು ಅಷ್ಟು ದೂರ ಚಾಚುತ್ತಿರಲಿಲ್ಲ. ಪ್ರತಿ ಸಲವೂ ರಿಸೆಪ್ಷನಿಸ್ಟನ್ನು ಕರೆಯಲು ಅವಳಿಗೆ ಸಂಕೋಚ.

ಆ ದಿನ ಎದುರಿಗೆ ಕೂತಿದ್ದವರು ಮೈಸೂರಿನಿಂದ ಬಂದು ಆ ಊರಲ್ಲೇ ನೆಲೆಸಿದ್ದ ಚಾಮರಾಜ ಅಂಕಲ್. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವರ ಬಲಗೈ ಸ್ವಾಧೀನ ತಪ್ಪಿತ್ತು. ಡಾಕ್ಟರ ಪರದಾಟ ನೋಡಿ ಮೆಲ್ಲಗೆ ಅಂದರು, “ಡಾಕ್ಟ್ರೇ, ಶಿಫ್ಟ್ ಕೀ ಐದು ಸಲ ಒತ್ತಿ ನೋಡಿ.”

ಒತ್ತಿದಳು. ಪರದೆಯ ಮೇಲೆ ‘ಸ್ಟಿಕಿ ಕೀಸ್ ಬೇಕೇ?’ ಎಂದು ಕೇಳುವ ಚೌಕ ಮೂಡಿತು. ಅಪ್ಪಿತಪ್ಪಿ ಬಂದಾಗಲೆಲ್ಲ ಅವಳು ಓದದೆಯೇ ಮುಚ್ಚಿಬಿಡುತ್ತಿದ್ದ ಚೌಕ!

“ಯೆಸ್ ಅನ್ನಿ. ಇನ್ನು ಒಂದಾದ್ಮೇಲೆ ಒಂದು ಒತ್ತಿದ್ರೆ ಸಾಕು. ನನ್ನ ಕೆಲಸ ಎಲ್ಲ ನಡೆಯೋದೇ ಹೀಗೆ.”

ಕಂಟ್ರೋಲ್. ಆಲ್ಟ್. ಡಿಲೀಟ್. ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು.

“ಅಂಕಲ್, ಮೂರು ವಾರದಿಂದ ಒದ್ದಾಡ್ತಿದ್ದೆ. ಎಂಥಾ ಉಪಕಾರ ಮಾಡಿದ್ರಿ!” ಫ್ಲಾವಿಯಾ ಅವರತ್ತ ತಿರುಗಿ ಅಂದಳು.

“ಎರಡು ವರ್ಷದಿಂದ ನೀವು ನನ್ನ ನೋಡ್ಕೊಳ್ತಿದೀರಿ,” ಅಂಕಲ್ ಮುಖ ಅರಳಿಸಿ ನಕ್ಕರು. “ನನ್ನಿಂದ್ಲೂ ನಿಮಗೊಂದು ಉಪಯೋಗ ಆಯ್ತಲ್ಲ, ನನಗೆ ಅದೇ ಖುಷಿ.”

ತಪಾಸಣೆ ಮುಗಿದ ಮೇಲೆ ಫ್ಲಾವಿಯಾ ಅವರನ್ನು ಕಾರಿನ ತನಕ ಹೋಗಿ ಬೀಳ್ಕೊಟ್ಟಳು.