ಕೋಡಿ ಹೊಳೆಬದಿಯ ಗೂಟಗಳು

ಕೋಡಿಯ ಹೊಳೆಬದಿಯಲ್ಲಿ ವಾಕಿಂಗ್ ದಾರಿ ಮಾಡಿಸಲು ಯುವಕ ಮಂಡಲದ ರಾಜೇಂದ್ರ ವಂತಿಗೆ ಕೇಳುತ್ತ ಬಂದ. ನಡೆಯುವುದಕ್ಕೂ ದುಡ್ಡೇ? ನಾನು ಕೊಡಲಿಲ್ಲ, ಊರವರೂ ಕೊಡಲಿಲ್ಲ. ಆದರೂ ಅವನು ಪೊದೆ ಸವರಿ, ಉದ್ದಕ್ಕೂ ಗೂಟ ನೆಟ್ಟುಬಿಟ್ಟ.

ನಾವು ಮೀನು ಒಣಗಿಸುವ ಜಾಗ ನುಂಗುವ ಸಂಚು ಇದು ಎಂದುಕೊಂಡೆ. ಗೂಟ ನಮ್ಮ ಕಡೆಗೆ ಸರಿದಿದೆಯೇ ಎಂದು ದಿನಾ ಬೆಳಿಗ್ಗೆ, ಸಂಜೆ ಆ ತುದಿಯವರೆಗೂ ನಡೆದು ನೋಡಿದೆ. ನನ್ನ ಮಾತು ಕೇಳಿ ಪಕ್ಕದ ಮನೆಯ ಪುಷ್ಪಳೂ ಗೂಟ ನೋಡಲು ಹೊರಟಳು, ಆಮೇಲೆ ಇಡೀ ಕೇರಿಯೇ ಹೊರಟಿತು.

ಮೂರು ತಿಂಗಳ ಬಳಿಕ ರಾಜೇಂದ್ರ ಬಂದು ಗೂಟ ಕೀಳತೊಡಗಿದ.

"ಹ್ವಾಯ್, ಗೂಟ ತೆಗುದ್ ಎಂತಕೆ?" ಎಂದು ಗದರಿದೆ.

ಅವನು ನನ್ನ ಕಾಲಡಿ ತೋರಿಸಿದ. ಹುಲ್ಲು ಸವೆದು ನೆಲ ಗಟ್ಟಿಯಾಗಿತ್ತು.

"ದುಡ್ಡಿಲ್ದೆ ದಾರಿ ಆಯ್ತಲ್ದಾ, ಸುಗುಣಕ್ಕ?"

ಇವನನ್ನು ನಂಬುವಂತಿಲ್ಲ. ನಾಳೆ ಬೆಳಿಗ್ಗೆಯೂ ನಡೆದು ನೋಡಬೇಕು.