ಗಾಳಿ ಹಾಸಿಗೆಯ ಸದ್ದು

ನನ್ನ ಬಾಯಿ ಜೋರು. ಹೊನ್ನಾಳಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಮುಚ್ಚಿಡುವುದೇನಿದೆ? ಮಾರ್ಚಿನವರೆಗೂ ನಮ್ಮ ಮನೆಗೆ ಕರೆಂಟಿನ ಸೊನ್ನೆ ಬಿಲ್ಲು ಬರುತ್ತಿತ್ತು. ನನಗೂ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಶಂಕ್ರಮ್ಮನಿಗೂ ಒಂದೇ ಮೀಟರ್. ಏಪ್ರಿಲ್‌ನಲ್ಲಿ ಸರ್ಕಾರದ ಪುಕ್ಕಟೆ ಮಿತಿ ಇನ್ನೂರು ಯೂನಿಟ್ ದಾಟಿತು, ಪೂರ್ತಿ ಹಣ ಕಟ್ಟಿ ಅಂತ ಚೀಟಿ ಬಂತು. ಮೈಯೆಲ್ಲ ಉರಿಯಿತು.

ಯಾರಿಂದ ಹೀಗಾಯಿತೆಂದು ಯೋಚಿಸುವ ತಾಳ್ಮೆ ನನಗೆಲ್ಲಿ? ಶಂಕ್ರಮ್ಮನ ಅತ್ತೆ ಅಜ್ಜಮ್ಮ ಲಕ್ವ ಹೊಡೆದು ಮಲಗಿದಲ್ಲೇ ಇದ್ದಳು. ಬೆನ್ನು ಹುಣ್ಣಾಗದಿರಲೆಂದು ಡಾಕ್ಟರು ಗಾಳಿ ಹಾಸಿಗೆ ಹಾಕಿಸಿದ್ದರು. ಅದಕ್ಕೆ ಗಾಳಿ ತುಂಬುವ ಪಂಪು ಹಗಲೂ ರಾತ್ರಿ ಗುಂಯ್ ಅನ್ನುತ್ತಿತ್ತು. ಅಷ್ಟು ಸದ್ದು ಮಾಡುವುದು ಕರೆಂಟು ತಿನ್ನದೆ ಇರುತ್ತದೆಯೇ? ಕೋಪದ ಕೈಗೆ ಬುದ್ಧಿ ಕೊಟ್ಟೆ. ಅಂಗಳದಲ್ಲಿ ನಿಂತು, ಅಜ್ಜಮ್ಮನಿಗೂ ಕೇಳುವಂತೆ, ಆಡಬಾರದ್ದೆಲ್ಲ ಆಡಿದೆ. ಪಂಪು ನಿಲ್ಲಿಸದಿದ್ದರೆ ಕೋಣೆ ಖಾಲಿ ಮಾಡಿ ಅಂದೆ. ಶಂಕ್ರಮ್ಮ ತಲೆ ತಗ್ಗಿಸಿ ಒಳಗೆ ಹೋದಳು. ಅಂದಿನಿಂದ ಸದ್ದು ನಿಂತಿತು. ಗೆದ್ದೆ ಅಂದುಕೊಂಡೆ, ಪಾಪಿ.

ಮೇ ತಿಂಗಳಲ್ಲಿ ಯೂನಿಟ್ ಇನ್ನೂ ಏರಿತು. ಮೀಟರ್ ಓದಲು ಬಂದ ರಂಗನಾಥನ ಮೇಲೆ ಹರಿಹಾಯ್ದೆ; ಪಂಪು ನಿಲ್ಲಿಸಿದರೂ ಬಿಲ್ಲು ಏಕೆ ಇಳಿಯಲಿಲ್ಲ ಎಂದು ಕೇಳಿದೆ. ಪುಣ್ಯಾತ್ಮ, ಬೇಜಾರು ಮಾಡಿಕೊಳ್ಳದೆ ಒಳಗೆ ಬಂದು ಒಂದೊಂದನ್ನೇ ನೋಡಿದ. ನನ್ನ ಫ್ರಿಜ್ಜಿನ ಬಾಗಿಲ ರಬ್ಬರ್ ಹರಿದು ತಂಪೆಲ್ಲ ಸೋರಿಹೋಗುತ್ತಿತ್ತು. ಈ ಬೇಸಿಗೆಯ ಸೆಕೆಯಲ್ಲಿ ಅದು ಒಂದು ಗಳಿಗೆಯೂ ನಿಲ್ಲದೆ ಓಡುತ್ತಿತ್ತಂತೆ.

"ಹಾಸ್ಗೆ ಪಂಪು ಒಂದ್ ಸಣ್ಣ ಬಲ್ಬಿನಷ್ಟೂ ಕರೆಂಟ್ ತಗಳಲ್ರೀ ಅಮ್ಮಾ," ಅಂದ. "ತಿಂಗ್ಳೆಲ್ಲಾ ಹಾಕಿದ್ರೂ ಐದಾರು ಯೂನಿಟ್ ಅಷ್ಟೆ."

ಹಿಂದಿನ ಕೋಣೆಗೆ ಓಡಿದೆ. ಶಂಕ್ರಮ್ಮ ಅತ್ತೆಯನ್ನು ಗೋಡೆಯ ಕಡೆ ಹೊರಳಿಸಿ ಹುಣ್ಣು ತೊಳೆಯುತ್ತಿದ್ದಳು. ಸೊಂಟದ ಕೆಳಗೆ ಅಂಗೈ ಅಗಲದ ಹುಣ್ಣು, ಎಲುಬು ಕಾಣುತ್ತಿತ್ತು. ಇನ್ನು ವಾಸಿಯಾಗುವುದು ಕಷ್ಟ ಅಂತ ಡಾಕ್ಟರು ಹೇಳಿದ್ದನ್ನು ಅವಳು ನನ್ನ ಮುಖ ನೋಡದೆಯೇ, ಅತ್ತೆಗೆ ಕೇಳದಂತೆ ಪಿಸುದನಿಯಲ್ಲಿ ತಿಳಿಸಿದಳು. ಊರಿಗೆಲ್ಲ ಕೇಳುವಂತೆ ಕೂಗಾಡುವ ನಾನು ಹೆಜ್ಜೆ ಸದ್ದಾಗದಂತೆ ಹೋಗಿ ಪಂಪಿನ ಸ್ವಿಚ್ ಹಾಕಿದೆ.

ಆ ಕಡೆ ಮುಖ ಮಾಡಿದ್ದ ಅಜ್ಜಮ್ಮನಿಗೆ ನಾನು ಬಂದದ್ದು ಗೊತ್ತಿರಲಿಲ್ಲ. ಸೊಸೆಯೇ ಹಾಕಿದಳು ಅಂದುಕೊಂಡು, ತೊದಲುತ್ತ, ಮೆಲ್ಲಗೆ ಅಂದಳು:

"ಆರ್ಸೇ ತಾಯಿ... ಓನರಮ್ಮಗೆ ಕೇಳ್ತೈತೆ."